ಸಹಿ ಬಿದ್ದ ಹಳದಿ

ನಿವೃತ್ತ ತಹಸೀಲ್ದಾರ್ ಶೇಷಾಚಲಯ್ಯನವರಿಗೆ ನಡುಮನೆಯ ಗೋಡೆಗೆ ಕಣ್ಣು ಕೋರೈಸುವ ಹಳದಿಯೇ ಬೇಕಿತ್ತು. "ಶುಕ್ರವಾರ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬರ್ತಾರೆ. ಅಷ್ಟರಲ್ಲಿ ಮುಗೀಲಿಲ್ಲ ಅಂದ್ರೆ ಈ ಊರಲ್ಲಿ ನೀನು ಮತ್ತೆ ಬ್ರಷ್ ಹಿಡಿದ ಹಾಗೇ!" ಎಂದು ಪೇಂಟರ್ ಇಮಾಮ್ ಸಾಬಿಗೆ ಗುಡುಗಿದರು.

ಸೋಮವಾರ ಇಮಾಮ್ ಸಾಬಿ ಗೋಡೆಗೆ ಒಂದು ಪಟ್ಟಿ ಬಳಿದು ತೋರಿಸಿದ. "ಥೂ, ಗೋಡೆಗೆ ಕಾಮಾಲೆ ಹಿಡಿದ ಹಾಗಿದೆ!" ಮಂಗಳವಾರ ಬೇರೆ ಹಳದಿ ತಂದ. "ಕೊಳೆತ ಬಾಳೆಹಣ್ಣು!" ಬುಧವಾರ ಇನ್ನೊಂದು. "ಇದೇನಯ್ಯ, ಹಸುಗೂಸಿನ ಕಕ್ಕ!"

ಇಮಾಮ್ ಸಾಬಿ ಜಗಲಿಯಲ್ಲಿ ಕೂತು ಬೀಡಿ ಹಚ್ಚಿದ. ಹಿಂದೊಮ್ಮೆ ಅವನ ಜಮೀನಿನ ಖಾತೆಯ ಅರ್ಜಿಯನ್ನು ಇದೇ ಸಾಹೇಬರು ಮೂರು ಸಲ ವಾಪಸ್ ಕಳಿಸಿದ್ದರು. ನಾಲ್ಕನೇ ಸಲ ಅವನು ಬೇಸತ್ತು ಮೊದಲಿನ ಅರ್ಜಿಯನ್ನೇ ಕೊಟ್ಟಿದ್ದ. ಅದು ಪಾಸಾಗಿತ್ತು!

ಗುರುವಾರ ಬೆಳಿಗ್ಗೆ ಸೋಮವಾರದ ಡಬ್ಬಿಯನ್ನೇ ತೆರೆದು ಹೊಸ ಪಟ್ಟಿ ಬಳಿದ. ಪಕ್ಕದಲ್ಲೊಂದು ಚೀಟಿ ಅಂಟಿಸಿದ: 'ಸಾಹೇಬರು ಸೂಚಿಸಿದ ತಿದ್ದುಪಡಿಗಳೊಂದಿಗೆ ಬಣ್ಣವನ್ನು ಮರುಸಲ್ಲಿಸಲಾಗಿದೆ.'

ಶೇಷಾಚಲಯ್ಯ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿದರು. ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ನಿವೃತ್ತಿಯಾದರೂ ಪೆನ್ನು ಮಾತ್ರ ಜೇಬು ಬಿಟ್ಟಿರಲಿಲ್ಲ. ಅದನ್ನು ತೆಗೆದು 'ಒಪ್ಪಿದೆ' ಎಂದು ಗೀಚಿ ಸಹಿ ಜಡಿದರು. "ನೋಡಿದೆಯಾ, ನಾನು ತಿದ್ದಿದ ಮೇಲೆ ಎಂಥಾ ಕಳೆ ಬಂತು!"

ಸಂಜೆಯ ಹೊತ್ತಿಗೆ ನಡುಮನೆಯೆಲ್ಲ ಹಳದಿಯಾಗಿತ್ತು. ಕಾಫಿ ತಂದ ಮನೆಯಾಕೆ ಗೋಡೆ ದಿಟ್ಟಿಸಿ, "ಅಲ್ಲಯ್ಯಾ, ಇದು ಸೋಮವಾರದ ಕಾಮಾಲೆಯೇ ಅಲ್ವಾ?" ಎಂದರು.

"ಎಲ್ಲಾದರೂ ಉಂಟೇ ಅಮ್ಮಾವ್ರೇ!" ಎಂದು ಇಮಾಮ್ ಸಾಬಿ ಲೋಟ ಇಸಿದುಕೊಂಡ. "ಆ ಹಳದಿಗೆ ಸಾಹೇಬರ ಸಹಿ ಇರಲಿಲ್ಲ."