ಕೆರೆಗೆ ಹಾಕಿದ ಪುಡಿ

ಊರ ಚಾವಡಿಯವರು ಯಾರಿಗೆ ಯಾವ ಕೆಲಸ ಒಪ್ಪಿಸಿದರೂ ಅದರ ಕರಾರು ಬರೆದ ತಾಳೆಗರಿಗಳ ಓಲೆಕಟ್ಟು ಕೆರೆದಂಡೆಯ ಮಠಕ್ಕೆ ಬರುತ್ತಿತ್ತು. ಅವನ್ನು ನೋಡಿಕೊಳ್ಳುವವನು ಶಿಷ್ಯ ಕೇತಯ್ಯ. ಪಾಪ, ಒಳ್ಳೆಯವನೇ. ಆದರೆ ಕಾಯುವುದು ಅಂದರೆ ಮುಚ್ಚಿಡುವುದು ಅಂತ ತಿಳಿದಿದ್ದ.

ಆ ವರ್ಷ ಕೆರೆಯ ನೀರು ಕೆಸರಾಯಿತು. ಚಾವಡಿಯವರು ಕರೆಸಿದ ದೇಮಣ್ಣ ತನ್ನ ಮನೆತನದ ಪುಡಿ ಹಾಕಿ ತಿಳಿ ಮಾಡಿಕೊಟ್ಟ.

ಮಾರನೆಯ ಬೆಳಿಗ್ಗೆ ಸಿರಿಯಮ್ಮ ಖಾಲಿ ಕೊಡ ಹಿಡಿದು ಮಠಕ್ಕೆ ಬಂದಳು.

"ಅಯ್ಯನೋರೇ, ಆ ಪುಡಿಯಲ್ಲಿ ಏನೇನಿದೆ? ಮನೇಲಿ ಮಗಳು ಹಸಿ ಬಾಣಂತಿ. ಈ ನೀರು ಕೊಡಲೋ ಬೇಡವೋ?"

"ಕರಾರಿನಲ್ಲಿ ಬರೆದಿದೆ. ಆದರೆ ಅದು ದೇಮಣ್ಣನ ಗುಟ್ಟು. ಹೇಳುವ ಹಾಗಿಲ್ಲ."

"ಕುಡಿಯೋರು ನಾವಲ್ವಾ?"

ಕೇತಯ್ಯ ಓಲೆಕಟ್ಟನ್ನು ಇನ್ನೂ ಒಳಗೆ ಸರಿಸಿಟ್ಟ. ಅವಳಿಗೆ ಇನ್ನೂ ದಿಗಿಲಾಯಿತು. ಆ ದಿಗಿಲು ಕೇರಿಗೆಲ್ಲ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಹೆಂಗಸರೆಲ್ಲ ಕೆರೆ ಬಿಟ್ಟು, ಸುಡುಬಿಸಿಲಲ್ಲಿ ಗುಡ್ಡದಾಚೆಯ ಒರತೆಗೆ ಹೊರಟಿದ್ದರು.

ಮಠದ ಗುರುಗಳು ಇದನ್ನು ನೋಡಿದರು, ಕೇತಯ್ಯನನ್ನು ಕಾರಣ ಕೇಳಿದರು.

"ಕೆರೆ ತುಂಬ ನೀರು ಇಟ್ಟುಕೊಂಡು ಊರನ್ನು ಬಾಯಾರಿಸಿದೆಯಲ್ಲೋ" ಅಂದರು.

ಕೇತಯ್ಯನಿಗೆ ನಾಚಿಕೆಯಾಯಿತು. ಓಲೆಕಟ್ಟು ಎತ್ತಿಕೊಂಡು ಸೀದಾ ಕೆರೆಯ ಕಟ್ಟೆಗೆ ನಡೆದ. "ಬನ್ನಿ ಎಲ್ಲರೂ. ಮೊದಲಿಂದ ಕೊನೆಯವರೆಗೆ ಓದಿಬಿಡುತ್ತೇನೆ."

ಸುದ್ದಿ ತಿಳಿದ ದೇಮಣ್ಣ ಎದ್ದೆನೋ ಬಿದ್ದೆನೋ ಅಂತ ಓಡಿಬಂದು ಗುರುಗಳ ಕಾಲು ಹಿಡಿದ. "ಬುದ್ಧೀ, ಅದರಲ್ಲಿ ಪುಡಿಯ ಹದವೂ ಇದೆ. ತಿಳಿದರೆ ನಾಳೆ ಎಲ್ಲರೂ ಅದನ್ನೇ ಕುಟ್ಟುತ್ತಾರೆ. ನನ್ನ ಹೊಟ್ಟೆಪಾಡು ಮುಗಿಯಿತು."

ಗುರುಗಳು ಓಲೆಕಟ್ಟು ಇಸಿದುಕೊಂಡು ಅದರ ದಾರವನ್ನೇ ಎಳೆದು ತೆಗೆದರು. ಗರಿಗಳು ಬಿಡಿಬಿಡಿಯಾದವು.

"ಗುರುಗಳೇ, ಕರಾರಿನ ದಾರ ಬಿಚ್ಚುವ ಪದ್ಧತಿ ಇಲ್ಲ" ಅಂದ ಕೇತಯ್ಯ.

"ಇವತ್ತಿಂದ ಇದೆ."

ಮೊದಲ ಗರಿಯಲ್ಲಿ, ನೀರು ಕೆಟ್ಟರೆ ಹೊಣೆ ಯಾರದು ಅಂತ ಬರೆದಿತ್ತು. ಎಲ್ಲರಿಗೂ ಕೇಳುವಂತೆ ಓದಿದರು.

ಎರಡನೆಯದಕ್ಕೆ ದೇಮಣ್ಣ ಕೈ ಅಡ್ಡ ಹಿಡಿದ. "ಪುಡಿಯ ಸಾಮಾನು ಇರೋದು ಇದರಲ್ಲೇ. ಇದೂ ಗುಟ್ಟೇ ಬುದ್ಧಿ."

"ಅವರ ಹೊಟ್ಟೆಗೆ ಹೋಗೋದನ್ನ ಅವರಿಂದಲೇ ಮುಚ್ಚಿಡ್ತೀಯಾ?"

ದೇಮಣ್ಣ ಕೈ ತೆಗೆದ.

"ನುಗ್ಗೆಬೀಜ, ಚಿಲ್ಲದ ಬೀಜ, ಚೂರು ಪಟಿಕ" ಎಂದು ಗುರುಗಳು ಓದಿದರು. "ಉಳಿದ ಗರಿಯಲ್ಲಿ?"

"ಯಾವುದು ಎಷ್ಟು, ಹೇಗೆ ಹುರಿಯೋದು. ಅದೇ ನನ್ನ ಅನ್ನ."

ಗುರುಗಳು ಅದನ್ನು ತಾವೂ ಓದದೆ, ಮಗುಚಿ ಕೇತಯ್ಯನ ಕೈಗಿಟ್ಟರು. "ಇದು ಒಳಗಿರಲಿ."

"ಇಷ್ಟೇನಾ?" ಅಂದಳು ಸಿರಿಯಮ್ಮ. "ನುಗ್ಗೆಬೀಜ ಸಾರಲ್ಲಿ ಜಗಿದು ತಿನ್ನೋದೇ ಅಲ್ವಾ ನಾವು. ಚಿಲ್ಲದ ಬೀಜಾನ ನೀರು ತಿಳಿಯಾಗಲಿ ಅಂತ ನಮ್ಮಜ್ಜಿಯೂ ಕೊಡದೊಳಗೆ ತೇಯ್ತಿದ್ದಳು." ನಗುತ್ತಿದ್ದವಳಿಗೆ ಅಳುವೇ ಬಂತು. ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೆರೆಗಿಳಿದು ಮೊದಲು ತಾನೇ ಬೊಗಸೆ ನೀರು ಕುಡಿದಳು, ಆಮೇಲೆ ಮಗಳಿಗೆ ಕೊಡ ತುಂಬಿದಳು. ಅದನ್ನು ಎತ್ತಿ ಅವಳ ಸೊಂಟಕ್ಕೆ ಕೊಟ್ಟವನು ದೇಮಣ್ಣನೇ. ಅವನ ಮುಖದಲ್ಲೂ ಈಗ ಕಳೆ ಬಂದಿತ್ತು.

ಎಲ್ಲರೂ ಹೋದ ಮೇಲೆ ಕೇತಯ್ಯ ಮಠದ ಓಲೆಕಟ್ಟುಗಳ ರಾಶಿ ನೋಡಿ ನಿಟ್ಟುಸಿರು ಬಿಟ್ಟ.

"ಗುರುಗಳೇ, ಒಂದೊಂದು ಗರಿಗೂ ಹೀಗೆ ತಲೆ ಕೆಡಿಸಿಕೊಳ್ಳಬೇಕಾ? ಎಲ್ಲ ಮುಚ್ಚಿಡು ಅನ್ನಿ, ಇಲ್ಲ ಎಲ್ಲ ತೆರೆದಿಡು ಅನ್ನಿ. ನಿಶ್ಚಿಂತೆಯಾಗಿರುತ್ತೇನೆ."

ಗುರುಗಳು ನಕ್ಕರು.

"ಬರೀ ಮುಚ್ಚೋದು, ತೆರೆಯೋದು ಅಷ್ಟಕ್ಕೇ ಆಗಿದ್ದರೆ ಒಂದು ಬೀಗ ಸಾಕಿತ್ತಪ್ಪ, ನೀನು ಯಾಕೆ ಬೇಕಿತ್ತು?"