ಹುಟ್ಟು ಕೇಳಬಾರದ ಬಾಗಿಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವಾಗ ಈಗ ಯಾರ ಬಣ್ಣವನ್ನೂ ನೋಡುವ ಹಾಗಿಲ್ಲವಂತೆ. ನ್ಯಾಯಾಲಯವೇ ಹಾಗೆ ಹೇಳಿದೆಯಂತೆ. ಆದರೂ ಎಷ್ಟೋ ಕಡೆ ಕಪ್ಪು ಜನರ ಮಕ್ಕಳು ಮೊದಲಿಗಿಂತ ಕಡಿಮೆಯಾಗಿದ್ದಾರಂತೆ. ಬಣ್ಣವನ್ನೇ ನೋಡದ ಮೇಲೆ ಅನ್ಯಾಯ ಎಲ್ಲಿಂದ ಬರುತ್ತದೆ? ತಪ್ಪು ಆ ಮಕ್ಕಳದೇ ಇರಬೇಕಲ್ಲವೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ದೊಡ್ಡ ನದಿ. ಅದರ ದಂಡೆಯಲ್ಲಿ ಹರಿಗೋಲು ನಡೆಸುವುದನ್ನು ಕಲಿಸುವ ಶಾಲೆ. ಅಲ್ಲಿ ಕಲಿತವರು ಅಂಬಿಗರಾಗುತ್ತಿದ್ದರು. ಅಂಬಿಗರ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ಅವರು ಬಂದರೆ ಕೂತವರು ಎದ್ದು ಜಾಗ ಬಿಡುತ್ತಿದ್ದರು.

ಹರಿಗೋಲಿಗೆ ಹುಟ್ಟು ಬೇಕು. ಹುಟ್ಟಿಲ್ಲದಿದ್ದರೆ ಅದು ನೀರಿನ ಮೇಲೆ ನಿಂತಲ್ಲೇ ತಿರುಗುತ್ತದೆ. ನೀರು ಎಳೆಯುವ ಮರಕ್ಕೂ ನಾವು ಹುಟ್ಟು ಎನ್ನುತ್ತೇವೆ, ಜನ್ಮಕ್ಕೂ ಹುಟ್ಟು ಎನ್ನುತ್ತೇವೆ. ಆ ಊರಿನವರೂ ಹಾಗೆಯೇ ಅನ್ನುತ್ತಿದ್ದರು.

ಊರಿನಲ್ಲಿ ಎರಡು ಕೇರಿ. ಕೆಳಗಿನ ಕೇರಿಯವರು ಬಿದಿರು ಸೀಳಿ ಹರಿಗೋಲು ಹೆಣೆಯುತ್ತಿದ್ದರು, ತೊಗಲು ಹೊದಿಸುತ್ತಿದ್ದರು, ಮರ ಕೆತ್ತಿ ಹುಟ್ಟು ಮಾಡುತ್ತಿದ್ದರು. ಶಾಲೆಯ ಗೋಡೆ ಕಟ್ಟಿದವರೂ ಅವರೇ. ಆದರೆ ಅವರು ಹುಟ್ಟು ಹಿಡಿದು ನೀರಿಗಿಳಿದರೆ ಬೆರಳು ಕಡಿಯುತ್ತಿದ್ದರು. ಹುಟ್ಟು ಹಿಡಿಯುವುದು ಮೇಲಿನ ಕೇರಿಯವರಿಗೆ ಮಾತ್ರ. ಅಜ್ಜನದು ಅಪ್ಪನಿಗೆ, ಅಪ್ಪನದು ಮಗನಿಗೆ. ಮಕ್ಕಳು ಮನೆಯ ಹುಟ್ಟನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬರುವುದು ಪದ್ಧತಿ.

ಕಾಲ ಕಳೆದು ಒಬ್ಬ ರಾಜ ಬೆರಳು ಕಡಿಯುವುದನ್ನು ನಿಲ್ಲಿಸಿದ. ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ ಎಂದ. ಹುಟ್ಟಿಗೆ ಮರ ಕೊಡುವ ಕಾಡು ಮಾತ್ರ ಮೇಲಿನ ಕೇರಿಯವರ ಕೈಯಲ್ಲೇ ಉಳಿಯಿತು. ಕೆಳಗಿನ ಕೇರಿಯ ಮನೆಯಲ್ಲಿ ಒಂದು ಹುಟ್ಟು ಕಂಡರೆ ಅದು ಕದ್ದದ್ದು ಎಂದೇ ಎಲ್ಲರೂ ಹೇಳುತ್ತಿದ್ದರು.

ಆಗ ಶಾಲೆಯಲ್ಲಿ ಒಬ್ಬ ಮುದುಕ ಉಪಾಧ್ಯಾಯನಿದ್ದ. ಬಾಗಿಲಿಗೆ ಬಂದ ಮಕ್ಕಳನ್ನು ಅವನು, "ನಿನಗೆ ಹುಟ್ಟು ಇದೆಯೇ?" ಎಂದು ಕೇಳುತ್ತಿದ್ದ. ಇಲ್ಲವೆಂದವರಿಗೆ ಶಾಲೆಯ ಹುಟ್ಟು ಕೊಟ್ಟು, ಕೆಲವು ಕಾಲ ದಂಡೆಯ ನೀರಿನಲ್ಲಿ ಆಡಲು ಬಿಡುತ್ತಿದ್ದ. ಹೀಗೆ ಕೆಳಗಿನ ಕೇರಿಯ ಕೆಲವರು ಅಂಬಿಗರಾದರು. ಅವರು ದಾಟಿಸಿದವರು ಯಾರೂ ಮುಳುಗಲಿಲ್ಲ.

ಮೇಲಿನ ಕೇರಿಯ ಒಬ್ಬ ವರ್ತಕನ ಮಗ ಶಾಲೆ ಸೇರುವ ಪರೀಕ್ಷೆಯಲ್ಲಿ ಸೋತ. ವರ್ತಕ ರಾಜನ ಬಳಿ ಹೋಗಿ, "ಆ ಮುದುಕ ಹುಟ್ಟು ಕೇಳಿ ಮಕ್ಕಳಲ್ಲಿ ಭೇದ ಮಾಡುತ್ತಾನೆ" ಎಂದ. ಯಾವ ಹುಟ್ಟು ಎಂದು ರಾಜ ವಿಚಾರಿಸಲಿಲ್ಲ. ಮುದುಕನನ್ನು ಮನೆಗೆ ಕಳಿಸಿ, ಶಾಲೆಯ ಬಾಗಿಲ ಮೇಲೆ ಹಲಗೆ ಹಾಕಿಸಿದ. 'ಇಲ್ಲಿ ಯಾರ ಹುಟ್ಟನ್ನೂ ಕೇಳಕೂಡದು.' ಮೇಲಿನ ಕೇರಿಯವರು ಅದನ್ನು ಓದಿ, ಕೊನೆಗೂ ನ್ಯಾಯ ಬಂತು ಎಂದರು.

ಮರುವರ್ಷ ಕೆಳಗಿನ ಕೇರಿಯ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಶಾಲೆ ಸೇರುವ ವಯಸ್ಸು ಮೀರುತ್ತಿತ್ತು. ಈ ಸಲ ಆಗದಿದ್ದರೆ ಅವಳೂ ತಾಯಿಯಂತೆ ಜೀವಮಾನವಿಡೀ ಬೇರೆಯವರ ಹುಟ್ಟು ಕೆತ್ತಬೇಕು.

"ಅಯ್ಯಾ, ನಮ್ಮ ಮನೆಯಲ್ಲಿ ಹುಟ್ಟಿಲ್ಲ. ಮೊದಲಿನ ಹಾಗೆ ಒಂದು ಕೊಡಿ."

ಹೊಸ ಉಪಾಧ್ಯಾಯ ಹಲಗೆ ತೋರಿಸಿದ. "ಹುಟ್ಟಿನ ಮಾತು ಇಲ್ಲಿ ಎತ್ತಬೇಡಮ್ಮ."

"ನಾನು ಕೇಳಿದ್ದು ಮರದ್ದು. ನನ್ನ ಜಾತಕ ಓದಿ ಅನ್ನಲಿಲ್ಲ."

"ಮರದ್ದಾದರೂ ಅದು ಹುಟ್ಟೇ ತಾನೆ? ರಾಜಾಜ್ಞೆ."

ಅಷ್ಟರಲ್ಲಿ ಮೇಲಿನ ಕೇರಿಯ ಹುಡುಗನೊಬ್ಬ ಬಂದ. ಉಪಾಧ್ಯಾಯ ಅವನ ಹೆಗಲ ಮೇಲಿನ ಹುಟ್ಟನ್ನು ಸವರಿದ. "ಇದು ನಿಮ್ಮ ಅಜ್ಜನದಲ್ಲವೇನೋ? ಅವನೂ ನಾನೂ ಒಟ್ಟಿಗೆ ಕಲಿತವರು. ಬಾ, ಒಳಗೆ ಬಾ."

"ಈಗ ಸವರಿದ್ದು ಏನನ್ನು, ಅಯ್ಯಾ?" ಎಂದಳು ಹೆಂಗಸು.

"ನಾನು ಕೇಳಲಿಲ್ಲವಲ್ಲ, ಅವನೇ ತಂದ. ತಂದರೆ ತಪ್ಪಿಲ್ಲ."

ಪರೀಕ್ಷೆ ಶುರುವಾಯಿತು. ನದಿ ದಾಟಿ ಮರಳಿ ಬರಬೇಕು. ಎಲ್ಲರಿಗೂ ಒಂದೇ ನದಿ, ಒಂದೇ ಅಳತೆಯ ಹರಿಗೋಲು. ಹುಡುಗಿ ಬರಿಗೈಯಿಂದ ನೀರು ತಳ್ಳಿದಳು. ಹರಿಗೋಲು ಗಿರಗಿರ ತಿರುಗಿತು.

ದಂಡೆಯ ಮೇಲಿದ್ದ ವರ್ತಕ ನಕ್ಕ. "ನದಿ ಯಾರಿಗೂ ಭೇದ ಮಾಡುವುದಿಲ್ಲ. ಆದರೂ ಆಗದಿದ್ದರೆ ಅದು ಹುಟ್ಟಿನ ದೋಷ."

"ಸರಿಯಾಗಿ ಹೇಳಿದಿರಿ," ಎಂದಳು ತಾಯಿ. "ಹುಟ್ಟಿನದೇ ದೋಷ. ನನ್ನಪ್ಪ ಕೆತ್ತಿದ್ದು ನಿಮ್ಮ ಮನೆ ಗೋಡೆಯ ಮೇಲೆ ತೂಗುತ್ತಿದೆ."

ಅವಳು ಶಾಲೆಯ ಜಗಲಿ ಹತ್ತಿ ಬಾಗಿಲ ಮೇಲಿನ ಹಲಗೆಯನ್ನು ಕಿತ್ತಳು. ಸೊಂಟದಲ್ಲಿದ್ದ ಮರ ಕೆತ್ತುವ ಬಾಚಿಯಿಂದ ಅದರ ಒಂದು ತುದಿಯನ್ನು ಹಿಡಿಗೆ ತಕ್ಕಂತೆ ಸಣ್ಣ ಮಾಡಿದಳು. ಉಪಾಧ್ಯಾಯ ಓಡಿಬಂದ.

"ರಾಜನ ಮಾತಿಗೆ ಕೈ ಹಾಕುತ್ತೀಯಾ? ಯಾರನ್ನು ಕೇಳಿ ತೆಗೆದೆ?"

"ಕೇಳಕೂಡದು ಎಂದು ನೀವೇ ಬರೆದಿದ್ದೀರಿ. ಅದಕ್ಕೇ ಕೇಳಲಿಲ್ಲ."

ಸೊಂಟಮಟ್ಟದ ನೀರಿಗಿಳಿದು ಹಲಗೆಯನ್ನು ಮಗಳ ಕೈಗೆ ಕೊಟ್ಟಳು. ಹುಡುಗಿ ನದಿ ದಾಟಿದಳು. ಮರಳುವಾಗ ಸೆಳವು ಅವಳನ್ನು ಶಾಲೆಯಿಂದ ಬಹಳ ಕೆಳಗೆ ಒಯ್ದಿತು. ಅಲ್ಲೇ ದಡ ಹತ್ತಿ, ಹರಿಗೋಲನ್ನು ತಲೆಯ ಮೇಲೆ ಹೊತ್ತು, ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದು ಬಂದಳು. ದಾಟಿ ಬರಬೇಕು ಎಂದಿದ್ದರೇ ಹೊರತು ಎಲ್ಲಿ ದಡ ಹತ್ತಬೇಕು ಎಂದು ಯಾರೂ ಹೇಳಿರಲಿಲ್ಲ. ಉಪಾಧ್ಯಾಯ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಹುಡುಗಿ ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ನಾನು ಹೇಳಿದ್ದೂ ಅದೇ ಅಲ್ಲವೆ, ಗುರುಗಳೇ? ಗಟ್ಟಿಗರಿಗೆ ದಾರಿ ಇದ್ದೇ ಇದೆ. ಆ ದೇಶದಲ್ಲೂ ಅಂಥ ಮಕ್ಕಳು ಒಳಗೆ ಹೋಗಿ ಹೆಸರು ಮಾಡಿದ್ದಾರೆ. ಒಬ್ಬಳಿಗೆ ಆದದ್ದು ಅವಳ ಕೇರಿಯ ಉಳಿದ ಮಕ್ಕಳಿಗೆ ಏಕೆ ಆಗಬಾರದು?"

ಗುರುಗಳು ಹೇಳಿದರು: "ಆ ಬಾಗಿಲ ಮೇಲೆ ಇದ್ದದ್ದು ಒಂದೇ ಹಲಗೆ."