ಬರುತ್ತೇನೆ ಎಂದವಳು

“ಗುರುಗಳೇ, ಯುದ್ಧಕ್ಕೆ ಹೆದರಿ ಓಡಿಬಂದ ಜನ ನಮ್ಮ ಹೊಳೆದಂಡೆಯಲ್ಲಿ ಬಿಡಾರ ಹೂಡಿದ್ದಾರೆ. ಅವರು ಈ ಊರಿನವರಾಗುವುದು ಯಾವಾಗ?” ಎಂದು ಶಿಷ್ಯನು ಕೇಳಿದನು.

“ಬಾಯಿಂದ ಕೇಳುವುದರಲ್ಲಿ ನೀನು ಜಾಣ. ಈಗ ಕಿವಿಯಿಂದಲೂ ಕೇಳು,” ಎಂದು ಗುರುಗಳು ಕತೆ ಹೇಳಿದರು.

ಒಬ್ಬಳು ಹುಡುಗಿ ತಾಯಿಯ ಸೆರಗು ಹಿಡಿದು ಸಮುದ್ರ ದಾಟಿ ಪರದೇಶಕ್ಕೆ ಬಂದಳು. ಅವಳ ಊರು ಯುದ್ಧದಲ್ಲಿ ಸುಟ್ಟುಹೋಗಿತ್ತು. ಪರದೇಶದ ಜನ ಕೆಟ್ಟವರಲ್ಲ. ಆದರೆ ಅವರ ಲೆಕ್ಕದಲ್ಲಿ ಇವರೆಲ್ಲ ಇಂದು ಇದ್ದು ನಾಳೆ ಹೋಗುವವರು. ಹಾಗಾಗಿ ಯಾರೂ ಕೆಲಸ ಕೊಡಲಿಲ್ಲ.

ತುಸು ಬೆಳೆದ ಮೇಲೆ ಹುಡುಗಿ, ಬಟ್ಟೆಗೆ ಬಣ್ಣ ಹಾಕುವ ಮುದುಕಿಯೊಬ್ಬಳ ಬಳಿ ಹೋಗಿ ಕೆಲಸ ಕೇಳಿದಳು. ಮುದುಕಿ “ನೋಡೋಣ” ಎಂದಳು. ಹುಡುಗಿಯ ನಾಡಿನಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಹೊರಡುವಾಗ ಹೋಗುತ್ತೇನೆ ಎನ್ನುವುದು ಅಲ್ಲಿ ಅಪಶಕುನ. ಅವಳು ಕಣ್ಣೊರೆಸಿಕೊಂಡು, “ಬರ್ತೀನಿ ಅಜ್ಜಿ” ಎಂದು ಹೊರಟಳು.

ಮುದುಕಿಯ ನಾಡಿನಲ್ಲಿ ನೋಡೋಣ ಎಂದರೆ ನೋಡೋಣ, ಬರುತ್ತೇನೆ ಎಂದರೆ ಬರುತ್ತೇನೆ. ಮರುದಿನ ಬೆಳಿಗ್ಗೆ ಅವಳು ದೊಡ್ಡದೊಂದು ಬಟ್ಟೆಯನ್ನು ಬಣ್ಣದ ಬಾನಿಯಲ್ಲಿ ಅದ್ದಿ ಕಾದಳು. ಅಂಥ ಬಟ್ಟೆಯನ್ನು ಹಿಂಡಲು ಇಬ್ಬರು ಬೇಕು. ಎರಡೂ ತುದಿ ಹಿಡಿದು ತಿರುಚಬೇಕು. ಹುಡುಗಿ ಬರಲಿಲ್ಲ. ಬಟ್ಟೆ ಬಾನಿಯಲ್ಲೇ ಉಳಿದು ಕೆಟ್ಟಿತು.

“ಓಡಿಬಂದವರ ಮಾತು ನಂಬಿದೆಯಲ್ಲ!” ಎಂದು ಬೀದಿಯವರು ಮುದುಕಿಯನ್ನು ಆಡಿಕೊಂಡರು. ಸುದ್ದಿ ಹುಡುಗಿಯ ಕಿವಿಗೂ ಬಿತ್ತು. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಈ ದೇಶದಲ್ಲಿ ತನಗಾಗಿ ಒಬ್ಬರು ಕಾದಿದ್ದರು! ಒಂದೇ ಉಸಿರಿಗೆ ಓಡಿದಳು.

“ಅಜ್ಜಿ, ನಮ್ಮ ಕಡೆ ಅದು ಬರೀ ಮರ್ಯಾದೆಗೆ ಹೇಳೋ ಮಾತು...”

“ಮೊದಲು ಆ ತುದಿ ಹಿಡಿ,” ಎಂದಳು ಮುದುಕಿ, ಬಾನಿಯಿಂದ ಇನ್ನೊಂದು ಬಟ್ಟೆ ಎತ್ತುತ್ತಾ.

ಹಿಡಿದವಳು ಬಿಡಲಿಲ್ಲ. ಮುದುಕಿಯ ಬಣ್ಣಗಳನ್ನೆಲ್ಲ ಕಲಿತಳು. ತಾಯಿಯಿಂದ ಕೇಳಿ ತಿಳಿದು, ತನ್ನ ನಾಡಿನ ಕೆಂಪನ್ನೂ ಬಾನಿಗೆ ತಂದಳು. ಮನೆ ಕಟ್ಟಿ ತಾಯಿಯನ್ನು ಜಗಲಿಯ ಮೇಲೆ ಕೂರಿಸಿದಳು. ಆ ಕೆಂಪು ಬಟ್ಟೆಯಿಲ್ಲದೆ ಊರಿನಲ್ಲಿ ಮದುವೆಯೇ ಇಲ್ಲ ಎನ್ನುವಂತಾಯಿತು.

ಯುದ್ಧ ಮುಗಿಯಿತು. ಅವಳು ಹುಟ್ಟಿದ ನೆಲವನ್ನು ನೋಡಿ ಬರಲು ತಾಯಿಯೊಂದಿಗೆ ಹಡಗು ಹತ್ತಿದಳು. “ಬರ್ತೀನಿ” ಎಂದಳು. “ಇನ್ನೆಲ್ಲಿ ಬರುತ್ತಾಳೆ! ಅವರಲ್ಲಿ ಅದು ಬರೀ ಮರ್ಯಾದೆಯ ಮಾತಂತೆ” ಎಂದು ಊರವರ ಮುಖ ಸಪ್ಪಗಾಯಿತು. ಮುದುಕಿ ಮಾತ್ರ, ಹಡಗು ಮರಳುವ ದಿನ ಬಾನಿಯಲ್ಲಿ ಬಟ್ಟೆ ಅದ್ದಿಟ್ಟು ಕುಳಿತಳು. ಊರವರೂ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು.

ತಾಯಿಯೊಂದಿಗೆ ಅವಳು ಬಂದಳು. ಹೆಗಲ ಗಂಟನ್ನು ಇಳಿಸದೆಯೇ ಬಟ್ಟೆಯ ತುದಿ ಹಿಡಿದಳು. ಆ ದಿನ ಊರಿಗೆ ಊರೇ ಹಬ್ಬ ಮಾಡಿತು.

ಕತೆ ಮುಗಿದಾಗ ಶಿಷ್ಯನು, “ತಿರುಗಿ ಬಂದ ದಿನ ಅವಳು ಆ ಊರಿನವಳಾದಳು. ಹೊಳೆದಂಡೆಯವರೂ ಹಾಗೆಯೇ ಮಾಡಿ ತೋರಿಸಲಿ,” ಎಂದನು.

ಗುರುಗಳು ಕೇಳಿದರು: “ಅವರಲ್ಲಿ ಒಬ್ಬರ ದಾರಿಯನ್ನಾದರೂ ನೀನು ಎಂದಾದರೂ ಕಾದಿದ್ದೀಯಾ?”